ಕದವಿಲ್ಲದ ಇಗರ್ಜಿ

ಹಳಿಯಾಳದಿಂದ ಕಾಳಿ ನದಿಯ ಕಡೆಗೆ ಇಳಿಯುವ ಹಳೆಯ ಬಂಡಿರಸ್ತೆಯಲ್ಲಿ ಹತ್ತು ಹನ್ನೊಂದು ಮೈಲಿ ಹೋದರೆ ನೇರಲಗಾಳಿ ಎಂಬ ಸಣ್ಣ ಊರು ಸಿಗುತ್ತದೆ. ಸರಕಾರದ ಕಾಗದಗಳಲ್ಲಿ ಅದು ಇಂದಿಗೂ ನೇರಲಗಾಳಿಯೇ. ಆದರೆ ಬಸ್ಸಿನ ಕಂಡಕ್ಟರನಿಗೆ ಆ ಹೆಸರು ಹೇಳಿದರೆ ಅವನು ಒಂದು ಕ್ಷಣ ತಡೆದು ನೋಡುತ್ತಾನೆ. ‘ಕದವಿಲ್ಲದ ಇಗರ್ಜಿ’ ಎಂದರೆ ಸುಮ್ಮನೆ ಟಿಕೆಟ್ ಹರಿದು ಕೊಡುತ್ತಾನೆ. ರಸ್ತೆಯ ಎಡಕ್ಕೆ, ಹಳೆಯ ಕಟ್ಟಿಗೆ ಡಿಪೋದ ಬಯಲು ದಾಟಿದ ಮೇಲೆ, ಸಣ್ಣ ದಿಬ್ಬದ ಮೇಲೆ ಆ ಇಗರ್ಜಿ ನಿಂತಿದೆ. ಬುಡದ ಕಲ್ಲಿನ ಜಗಲಿಯೊಂದನ್ನು ಬಿಟ್ಟರೆ ಎಲ್ಲವೂ ಮರ. ಸಾಗವಾನಿಯ ಕಂಬಗಳು, ಮತ್ತಿಯ ತೊಲೆಗಳು, ಕೈ ಜೋಡಿಸಿ ಮೇಲೆತ್ತಿದಂತೆ ತುದಿಯಲ್ಲಿ ಮೊನಚಾಗಿ ಕೂಡುವ ಕಮಾನುಗಳು, ಅವುಗಳ ಮೇಲೆ ಇನ್ನೂ ಮೊನಚಾದ ಗೋಪುರ. ಕಿಟಕಿಗಳಲ್ಲಿ ಗಾಜಿಲ್ಲ. ಗೋವೆಯ ಮನೆಗಳಲ್ಲಿರುವ ಹಾಗೆ ಸಮುದ್ರದ ಚಿಪ್ಪನ್ನು ತೆಳುವಾಗಿ ಸೀಳಿ ಕೂರಿಸಿದ್ದಾರೆ. ಬೆಳಿಗ್ಗೆ ಒಳಗಿನ ಬೆಳಕು ನೀರು ಬೆರೆಸಿದ ಹಾಲಿನ ಬಣ್ಣಕ್ಕಿರುತ್ತದೆ. ಇಂಥ ಗಾಥಿಕ್ ಮಾದರಿಯ ಮರದ ಕಟ್ಟಡ ಈ ಸೀಮೆಯಲ್ಲಿ ಇನ್ನೊಂದಿಲ್ಲವೆಂದು ನೋಡಬಂದವರು ಹೇಳುತ್ತಾರೆ, ನಾನಂತೂ ಕಂಡಿಲ್ಲ.

ಎದುರಿನ ದೊಡ್ಡ ಬಾಗಿಲಿಗೆ ಚೌಕಟ್ಟು ಇದೆ, ಕದಗಳಿಲ್ಲ. ಒಳಗೆ ಕೂರಲು ಬೆಂಚುಗಳಿಲ್ಲ. ಜನ ಸಗಣಿ ಸಾರಿಸಿದ ನೆಲದ ಮೇಲೆ ಚಾಪೆ ಹಾಸಿಕೊಂಡು ಪೂಜೆ ಕೇಳುತ್ತಾರೆ. ಹಾಡುವವರಿಗೆಂದು ಮಾಡಿದ ಅಟ್ಟದಂಥ ಮಚ್ಚಿಗೆ ತೊಲೆಗಳಿವೆ, ಮೇಲೆ ಹಲಗೆ ಇಲ್ಲ. ಕಟ್ಟುವಾಗ ಹಣ ಸಾಲದೆ ಹೀಗೆ ಅರ್ಧಕ್ಕೆ ಬಿಟ್ಟರೆಂದು ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ನಾನು ಇಲ್ಲಿನ ಡಿಪೋದಲ್ಲಿ ಇಪ್ಪತ್ತೇಳು ವರ್ಷ ಕಾರಕೂನನಾಗಿದ್ದವನು. ಕೆಲಸ ಬಿಟ್ಟ ಮೇಲೂ ಇಲ್ಲಿಯೇ ಉಳಿದೆ. ಇಗರ್ಜಿಯನ್ನು ಗುಡಿಸಿ, ಗಂಟೆ ಹೊಡೆದು ನೋಡಿಕೊಳ್ಳುವ ದೊಮಿನಾ ಸಿದ್ದಿ ಎಂಬ ಮುದುಕಿ ತನ್ನ ಅಜ್ಜಿಯ ಬಾಯಿಂದ ಕೇಳಿದ್ದನ್ನು ನನಗೆ ಹಲವು ಸಲ ಹೇಳಿದ್ದಾಳೆ. ಹೇಳುವಾಗ ಆಕೆ ದನಿ ಏರಿಸುವುದಿಲ್ಲ, ಇಳಿಸುವುದೂ ಇಲ್ಲ. ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳಂತೆ. ನಾನೂ ಅದನ್ನು ಹಾಗೆಯೇ ಬರೆದಿಡುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದಾಗ, ನೇರಲಗಾಳಿ ಎಂದರೆ ಡಿಪೋ, ಡಿಪೋ ಎಂದರೆ ನೇರಲಗಾಳಿ ಎಂಬಂತಿತ್ತು. ಕಾಡಿನಿಂದ ಆನೆಗಳು ಎಳೆದು ತಂದ ದಿಮ್ಮಿಗಳು ಬಯಲಿನ ತುಂಬ ಬಿದ್ದಿರುತ್ತಿದ್ದವು. ಅವನ್ನು ಕೊರೆಯಲು ಸಿದ್ದಿಗಳು, ಸಾಗಿಸಲು ಬಂಡಿಯವರು, ಕೆತ್ತಲು ಗೋವೆಯ ಕಡೆಯ ಬಡಗಿಗಳು, ಹೀಗೆ ಎಲ್ಲೆಲ್ಲಿಂದಲೋ ಬಂದ ಜನ ಗುಡಿಸಲು ಹಾಕಿಕೊಂಡು ಊರಾಗಿತ್ತು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕ್ರಿಸ್ತುವರು. ಪೂಜೆಗೆ ಒಂದು ಹುಲ್ಲಿನ ಚಪ್ಪರವಿತ್ತು. ಪಾದ್ರಿ ಅಲ್ಬೀನೊ ಎಂಬವರು ಇಲ್ಲಿಗೆ ವರ್ಗವಾಗಿ ಬಂದಾಗ ಅವರ ಪೆಟ್ಟಿಗೆಯಲ್ಲಿ ಒಂದು ಅಚ್ಚಿನ ಚಿತ್ರವಿತ್ತು ಎನ್ನುತ್ತಾರೆ. ಯಾವುದೋ ಚಳಿದೇಶದ ಮರದ ಇಗರ್ಜಿಯ ಚಿತ್ರ. ಅವರು ಅದನ್ನು ಇನಾಸ್ ಬರೆಟ್ಟೊ ಎಂಬ ಬಡಗಿಗೆ ತೋರಿಸಿದರು. ಇನಾಸ್ ಆಗ ಮೂವತ್ತರ ಆಸುಪಾಸಿನವನು. ಹೆಂಡತಿ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ನಾಲ್ಕು ವರ್ಷದ ಲುವಿಜಾ ಎಂಬ ಒಬ್ಬಳೇ ಮಗಳು. ಅವನು ಚಿತ್ರವನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು ನೋಡಿದ. ಅದರಲ್ಲಿ ಅಳತೆ ಇರಲಿಲ್ಲ. ಆದರೆ ಬಾಗಿಲ ಮುಂದೆ ಕೋಲೂರಿ ನಿಂತ ಒಬ್ಬ ಮನುಷ್ಯನ ಚಿತ್ರವಿತ್ತು.

ಇನಾಸನ ಗೆಳೆಯ ಬಸ್ತ್ಯಾಂವ್ ಸಿದ್ದಿ ಡಿಪೋದ ಕೊರೆಯುವ ಗುಂಡಿಯಲ್ಲಿ ದುಡಿಯುತ್ತಿದ್ದ. ಗುಂಡಿಯ ಮೇಲೆ ದಿಮ್ಮಿ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುವ ಕೆಲಸ ಅದು. ಊರಿನಲ್ಲಿ ಅವನಷ್ಟು ಎತ್ತರದವನು ಇರಲಿಲ್ಲ. ಇನಾಸ್ ಅವನನ್ನು ಚಪ್ಪರದ ಕಂಬಕ್ಕೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದ. “ಚಿತ್ರದಲ್ಲಿರುವವನು ನೀನೇ ಅಂದುಕೊಂಡಿದ್ದೇನೆ” ಎಂದ. “ಅವನು ಬಿಳಿಯವನಲ್ಲವೋ” ಎಂದು ಬಸ್ತ್ಯಾಂವ್ ನಕ್ಕನಂತೆ. ಕಂಬ, ಕಮಾನು, ಗೋಪುರ, ಎಲ್ಲದರ ಅಳತೆಯೂ ಆ ಇದ್ದಿಲಿನ ಗೆರೆಯಿಂದಲೇ ಹುಟ್ಟಿತು. ಇಗರ್ಜಿ ಚಿತ್ರದ್ದಕ್ಕಿಂತ ಎತ್ತರವಾಯಿತೋ ಏನೋ, ಯಾರಿಗೂ ಗೊತ್ತಿಲ್ಲ.

ಡಿಪೋದ ಸಾಹೇಬರು ಹರಾಜಿನಲ್ಲಿ ಹೋಗದೆ ಉಳಿದ, ಬಿರುಕು ಬಿಟ್ಟ ದಿಮ್ಮಿಗಳನ್ನು ಇಗರ್ಜಿಗೆ ಬಿಟ್ಟುಕೊಟ್ಟರು. ಕೂಲಿಯ ಕೆಲಸ ಮುಗಿದ ಮೇಲೆ, ಭಾನುವಾರ ಪೂಜೆಯ ನಂತರ, ಮಳೆಗಾಲದಲ್ಲಿ ಬಂಡಿಗಳು ನಿಂತಾಗ ಇಬ್ಬರೂ ಅದರಲ್ಲೇ ತೊಡಗಿರುತ್ತಿದ್ದರು. ಬಸ್ತ್ಯಾಂವ್ ಕೊರೆದು ಕೊಡುವನು, ಇನಾಸ್ ಕೂಡಿಸುವನು. ಮೊಳೆ ಹೊಡೆಯಲಿಲ್ಲ; ಮರಕ್ಕೆ ಮರದ್ದೇ ಬೆಣೆ. ಗೋಡೆಯ ಹಲಗೆಗಳನ್ನು ಕಂಬಗಳಲ್ಲಿ ಕೊರೆದ ಸೀಳಿನೊಳಗೆ ಇಳಿಸಿ, ಅವುಗಳ ಮೇಲೆ ಕಮಾನಿನ ಭಾರ ಕೂರಿಸಿದರು. ಹೀಗೆ ಹನ್ನೊಂದು ವರ್ಷ ಹಿಡಿಯಿತು. ಎಲ್ಲಕ್ಕಿಂತ ಕೊನೆಗೆ ಮಾಡಿದ್ದು ಎದುರು ಬಾಗಿಲಿನ ಎರಡು ಕದಗಳನ್ನು. ಅದಕ್ಕೆ ಮಾತ್ರ ಬಿರುಕಿನ ದಿಮ್ಮಿ ಬೇಡವೆಂದು ಇನಾಸ್ ಹಟ ಹಿಡಿದ. ಬಸ್ತ್ಯಾಂವ್ ಕಾಡಿನಲ್ಲಿ ಗಾಳಿಗೆ ಬಿದ್ದ ಒಂದು ಹಳೆಯ ಸಾಗವಾನಿಯನ್ನು ಹುಡುಕಿ, ಸಾಹೇಬರ ಒಪ್ಪಿಗೆ ಪಡೆದು ತಂದ. ಒಂದೊಂದು ಕದವೂ ಎರಡಾಳೆತ್ತರ. ಒಂದರ ಮೇಲೆ ಗೋಧಿಯ ತೆನೆ, ಇನ್ನೊಂದರ ಮೇಲೆ ದ್ರಾಕ್ಷಿಯ ಬಳ್ಳಿ. ಇನಾಸ್ ದ್ರಾಕ್ಷಿಯ ಬಳ್ಳಿಯನ್ನು ಕಂಡವನಲ್ಲ. ಪಾದ್ರಿಗಳು ಹೇಳಿದ್ದನ್ನು ಕೇಳಿ, ಕಾಡಿನ ವೀಳ್ಯದ ಬಳ್ಳಿಯನ್ನು ನೋಡಿ ಕೆತ್ತಿದ. ಅದಕ್ಕೇ ಒಂದೂವರೆ ವರ್ಷವಾಯಿತು. ಮುಂದಿನ ಕ್ರಿಸ್ಮಸ್ ಕಳೆದ ಮೇಲೆ ಬಿಷಪರು ಬಂದು ಇಗರ್ಜಿಯನ್ನು ಅಭಿಷೇಕ ಮಾಡುವುದೆಂದು ನಿಶ್ಚಯವಾಯಿತು.

ಅದು ಮೊದಲ ಮಹಾಯುದ್ಧ ಮುಗಿಯುತ್ತಿದ್ದ ವರ್ಷ. ಯುದ್ಧಕ್ಕೆ ಬೇಕೆಂದು ಡಿಪೋದಲ್ಲಿದ್ದ ಹಲಗೆ, ತೊಲೆ, ತುಂಡುಗಳೆಲ್ಲ ಬಂಡಿಗಳ ಮೇಲೆ ಅಳ್ನಾವರದ ರೈಲಿಗೆ ಹೋಗಿಬಿಟ್ಟಿದ್ದವು. ಬಯಲಿನಲ್ಲಿ ಉಳಿದದ್ದು ಕೊರೆಯದ ಹಸಿ ದಿಮ್ಮಿಗಳು ಮಾತ್ರ. ನವರಾತ್ರಿಯ ಹೊತ್ತಿಗೆ ರೈಲಿನ ಕಡೆಯಿಂದ ಮರಳಿ ಬಂದ ಬಂಡಿಯವರಲ್ಲಿ ಇಬ್ಬರಿಗೆ ಜ್ವರ ಬಂತು. ಮೂರನೆಯ ದಿನ ಅವರು ಸತ್ತರು. ಮುಖ ನೀಲಿಗಟ್ಟಿತ್ತಂತೆ. ಹತ್ತು ದಿನಗಳಲ್ಲಿ ಜ್ವರವಿಲ್ಲದ ಗುಡಿಸಲು ಊರಿನಲ್ಲಿ ಉಳಿಯಲಿಲ್ಲ. ಗಟ್ಟಿಯಾಗಿದ್ದವರೇ ಮೊದಲು ಹೋದರು. ಡಿಪೋದ ಸಾಹೇಬರು ಧಾರವಾಡದ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಮೊದಮೊದಲು ಅಳು ಕೇಳಿಸುತ್ತಿತ್ತು. ಆಮೇಲೆ ಅದೂ ನಿಂತಿತು. ಒಂದು ಮನೆಯಿಂದ ಹೆಣ ಹೊರಗೆ ಬಂದರೆ ಪಕ್ಕದ ಮನೆಯವರು ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು, ಬಂಡಿ ಹೋಗುವುದನ್ನು ನೋಡುವ ಹಾಗೆ. “ಯಾರು?” ಎಂದು ಕೇಳುವವರೂ ಕಡಿಮೆಯಾದರು ಎಂದು ದೊಮಿನಾ ಹೇಳುತ್ತಾಳೆ.

ಸತ್ತ ಕ್ರಿಸ್ತುವರನ್ನು ಇಗರ್ಜಿಯ ಮೂಡಣ ದಿಕ್ಕಿನ ಸಮಾಧಿಭೂಮಿಯಲ್ಲಿ ಹೂಳುತ್ತಿದ್ದರು. ಪೆಟ್ಟಿಗೆ ಮಾಡಲು ಹಲಗೆ ಇರಲಿಲ್ಲ, ದಿಮ್ಮಿ ಕೊರೆಯಲು ನಿಲ್ಲಬಲ್ಲ ಇಬ್ಬರು ಗಂಡಸರು ಇರಲಿಲ್ಲ. ಆದ್ದರಿಂದ ಚಾಪೆಯಲ್ಲಿ ಸುತ್ತಿ ಮಣ್ಣಿಗಿಟ್ಟರು. ಗುಂಡಿ ತೋಡುವವರಿಗೂ ಜ್ವರ. ಮೊಣಕಾಲೆತ್ತರ ತೋಡುವಷ್ಟರಲ್ಲಿ ಉಸಿರು ಬಿಡುತ್ತ ಕುಳಿತುಬಿಡುತ್ತಿದ್ದರು. ಹೀಗೆ ಹೂಳತೊಡಗಿದ ಮೂರನೆಯ ದಿನ ಬೆಳಿಗ್ಗೆ ಪಾದ್ರಿ ಅಲ್ಬೀನೊ ಅಲ್ಲಿಗೆ ಹೋದಾಗ ನಾಲ್ಕು ಗುಂಡಿಗಳು ತೆರೆದಿದ್ದವು. ನರಿಗಳು ಮತ್ತು ಕತ್ತೆಕಿರುಬಗಳು ಬಂದು ಹೋಗಿದ್ದವು. ಪಾದ್ರಿಗಳು ಅಲ್ಲಿಂದ ನೇರವಾಗಿ ಇನಾಸನ ಮನೆಗೆ ಬಂದರು. ಇನಾಸನಿಗೆ ಜ್ವರ ಬಂದು ಇಳಿದಿತ್ತು. ಅವನು ಒರಳುಕಲ್ಲಿನ ಮೇಲೆ ಕುಳಿತಿದ್ದ.

“ಮೇಸ್ತ್ರಿ, ಪೆಟ್ಟಿಗೆ ಬೇಕು” ಎಂದರು ಪಾದ್ರಿಗಳು.

“ಹಲಗೆ ಎಲ್ಲಿದೆ ಪಾದ್ರಿಗಳೇ?”

 ಪಾದ್ರಿಗಳು ದಿಬ್ಬದ ಮೇಲಿನ ಇಗರ್ಜಿಯ ಕಡೆಗೆ ನೋಡಿದರು. ಇನಾಸನೂ ನೋಡಿದ. ಅವನು ಒಳಗೆ ಹೋಗಿ ಉಳಿ, ಕೊಡತಿ ತೆಗೆದುಕೊಂಡು ಬಂದ.

ಮೊದಲು ಬೆಂಚುಗಳು ಹೋದವು. ಒಂದು ಬೆಂಚಿನಿಂದ ಒಂದು ಪೆಟ್ಟಿಗೆ. ಎರಡಿದ್ದರೆ ಮೂರು ಮಕ್ಕಳ ಪೆಟ್ಟಿಗೆಗಳಾಗುತ್ತಿದ್ದವು. ಆಮೇಲೆ ನೆಲದ ಹಲಗೆಗಳು. ಆಮೇಲೆ ಮಚ್ಚಿನ ಹಾಸು, ಪಾಪನಿವೇದನೆಯ ಗೂಡು, ಉಪದೇಶದ ಕಟ್ಟೆ. ಇನಾಸ್ ತಾನು ಬಡಿದು ಕೂರಿಸಿದ ಬೆಣೆಗಳನ್ನು ತಾನೇ ಬಡಿದು ಬಿಚ್ಚಿದ. ಬೆಣೆಯ ತುದಿ ಯಾವ ಕಡೆಗಿದೆ ಎಂದು ಅವನು ಹುಡುಕಬೇಕಾಗಿರಲಿಲ್ಲ, ಕೈಗೇ ಗೊತ್ತಿತ್ತು. ಬೇಸರವಾಗಲಿಲ್ಲವೇ ಎಂದು ಎಷ್ಟೋ ವರ್ಷಗಳ ನಂತರ ಯಾರೋ ಕೇಳಿದಾಗ, “ಆಗ ಏನೂ ಆಗುತ್ತಿರಲಿಲ್ಲ. ಹಲಗೆಯ ಉದ್ದ ನೋಡುತ್ತಿದ್ದೆ, ಅಷ್ಟೇ” ಎಂದನಂತೆ. ಗೋಡೆಗೆ ಅವನು ಕೈ ಹಾಕಲಿಲ್ಲ. ಒಂದು ಹಲಗೆ ಎಳೆದರೆ ಕಮಾನು ಕುಸಿಯುತ್ತಿತ್ತು, ಕಮಾನಿನ ಹಿಂದೆಯೇ ಮಾಡೂ. ಹನ್ನೆರಡನೆಯ ದಿನಕ್ಕೆ ತೆಗೆಯಬಹುದಾದದ್ದೆಲ್ಲ ಮುಗಿದು, ಬಲಿಪೀಠ ಮತ್ತು ಎದುರಿನ ಎರಡು ಕದಗಳು ಮಾತ್ರ ಉಳಿದವು.

ಮರುದಿನ ಮಧ್ಯಾಹ್ನ ಬಸ್ತ್ಯಾಂವ್ ತೀರಿಕೊಂಡ. ಅವನ ಹೆಂಡತಿ ಪಾವ್ಲಿನ್ ಇಗರ್ಜಿಯ ಜಗಲಿಯ ತನಕ ಬಂದು ಇನಾಸನಿಗೆ ಹೇಳಿದಳು. ಅವಳ ಸೊಂಟದಲ್ಲಿ ವರ್ಷ ತುಂಬದ ಕೂಸಿತ್ತು. ದೊಮಿನಾಳ ತಂದೆಯೇ ಆ ಕೂಸು. ಪೆಟ್ಟಿಗೆ ಬೇಕೆಂದು ಅವಳು ಕೇಳಲಿಲ್ಲ. ಇನಾಸ್ ಕದಗಳ ಕಡೆಗೆ ಬೆನ್ನು ಹಾಕಿ ನಿಂತಿದ್ದ.

“ಹಲಗೆ ಮುಗಿದಿದೆ ಪಾವ್ಲಿನ್” ಎಂದ.

“ಹೌದು” ಎಂದಳು ಅವಳು. ಅವನ ಬೆನ್ನ ಹಿಂದಿದ್ದದ್ದು ಅವಳಿಗೆ ಕಾಣುತ್ತಿತ್ತು. ಅವಳು ಇಳಿದು ಹೋದಳು. ಸಂಜೆ ಬಸ್ತ್ಯಾಂವ್‌ನನ್ನು ಅವನ ಕಪ್ಪು ಕಂಬಳಿಯಲ್ಲಿ ಸುತ್ತಿ ತಂದರು. ಉದ್ದಕ್ಕೆ ಕಂಬಳಿ ಸಾಲದೆ ಪಾದಗಳು ಹೊರಗಿದ್ದವು. ಗುಂಡಿ ತೋಡಿದ್ದೂ ಚಿಕ್ಕದಾಗಿ, ಅವನ ಮೊಣಕಾಲು ಮಡಚಬೇಕಾಯಿತು. ಇನಾಸ್ ಮಣ್ಣು ಎಳೆದ. ಕದಗಳನ್ನು ಏಕೆ ಕೊಡಲಿಲ್ಲವೆಂದು ಯಾರೂ ಕೇಳಲಿಲ್ಲ. ಪಾದ್ರಿಗಳೂ ಕೇಳಲಿಲ್ಲ; ಅವರು ಅಂದು ಜ್ವರದಲ್ಲೇ ನಿಂತು ಪ್ರಾರ್ಥನೆ ಹೇಳಿದರು. ಇನಾಸನಿಗೆ ತನ್ನ ಮನಸ್ಸಿನಲ್ಲಿ ಏನಿತ್ತೆಂದು ಕೊನೆಯವರೆಗೂ ವಿವರಿಸಲಾಗಲಿಲ್ಲ. ಬಿಷಪರು ಬರುವಾಗ ಬಾಗಿಲು ಇರಬೇಕೆಂದಿತ್ತೋ, ಒಂದಾದರೂ ಉಳಿಯಲಿ ಎಂದಿತ್ತೋ. ಕೊಡಬೇಕೆಂದು ಗೊತ್ತಿತ್ತು, ಕಾಲು ಏಳಲಿಲ್ಲ ಎಂದಷ್ಟೇ ಅವನು ಮುಂದೆ ಪಾವ್ಲಿನ್‌ಳ ಬಳಿ ಹೇಳಿದ್ದನಂತೆ.

ಮರುದಿನ ಬೆಳಿಗ್ಗೆ ಪಾವ್ಲಿನ್ ಮೇಣದಬತ್ತಿ ಇಡಲು ಬಂದಾಗ ಗುಂಡಿ ಕೆದರಿತ್ತು. ಹರಿದ ಕಂಬಳಿ ಬೇಲಿಯ ತನಕ ಹೋಗಿ ಬಿದ್ದಿತ್ತು. ಬಸ್ತ್ಯಾಂವ್‌ನ ಒಂದು ತೋಳು ಮೇಲಿತ್ತು.  ಕೂಸನ್ನು ಬೇಲಿಯ ಹೊರಗೆ ನೆಲದ ಮೇಲೆ ಕೂರಿಸಿ, ಬರಿಗೈಯಲ್ಲಿ ಮಣ್ಣು ಎಳೆಯತೊಡಗಿದಳು. ಇನಾಸ್ ಅದನ್ನು ಜಗಲಿಯಿಂದ ನೋಡಿದ. ಅವನು ಒಳಗೆ ಹೋಗಿ, ಗೋಧಿಯ ತೆನೆ ಕೆತ್ತಿದ ಕದದ ಬಿಜಾಗರಿಗಳನ್ನು ಒಂದೊಂದಾಗಿ ಬಿಡಿಸಿದ. ಭಾರಕ್ಕೆ ಕದ ಅವನ ಭುಜದ ಮೇಲೆ ವಾಲಿತು. ಡಿಪೋದ ಕಾವಲುಗಾರ ಹುಸೇನಸಾಬ ಕಂಡು ಓಡಿ ಬಂದು ಇನ್ನೊಂದು ತುದಿ ಹಿಡಿದ. ಕದವನ್ನು ಸಮಾಧಿಭೂಮಿಯಲ್ಲಿಯೇ ಮಲಗಿಸಿ, ಅಲ್ಲಿಯೇ ಗರಗಸ ಹಾಕಿ, ಅಲ್ಲಿಯೇ ಕೂಡಿಸಿದರು. ಇನಾಸ್ ಈ ಸಲ ಹೆಣವನ್ನು ಅಳೆಯಲಿಲ್ಲ. ಅವನಿಗೆ ಆ ಅಳತೆ ಹನ್ನೆರಡು ವರ್ಷಗಳಿಂದ ಬಾಯಿಪಾಠವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಸ್ತ್ಯಾಂವ್ ಕಾಲು ಚಾಚಿ ಮಲಗುವಷ್ಟು ಉದ್ದದ ಪೆಟ್ಟಿಗೆಯಾಯಿತು. ಮೂವರೂ ಸೇರಿ ಗುಂಡಿಯನ್ನು ಎದೆಯೆತ್ತರ ತೋಡಿ ಅವನನ್ನು ಎರಡನೆಯ ಸಲ ಇಳಿಸಿದರು.

ಈಗ ಒಂದೇ ಕದ ಉಳಿಯಿತು. ಅದೇ ದಿನ ಸಂಜೆ ಇನಾಸ್ ಮನೆಗೆ ಬಂದಾಗ ಲುವಿಜಾ ಮಲಗಿದ್ದಳು. ಅವಳಿಗೆ ಆಗ ಹದಿನಾರು. ಅಲ್ಲಿಯವರೆಗೆ ಊರಿನ ಮನೆಮನೆಗೆ ಗಂಜಿ ಕಾಯಿಸಿಕೊಟ್ಟು ಓಡಾಡಿಕೊಂಡಿದ್ದವಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಇನಾಸ್ ಮರುದಿನ ಇಗರ್ಜಿಗೆ ಹೋಗಿ ದ್ರಾಕ್ಷಿಯ ಬಳ್ಳಿಯ ಕದವನ್ನೂ ಬಿಡಿಸಿ, ಬಂಡಿಯ ಮೇಲೆ ತಂದು, ತನ್ನ ಮನೆಯ ಅಂಗಳದ ಗೋಡೆಗೆ ಒರಗಿಸಿ ಇಟ್ಟುಕೊಂಡ. ಏಕೆಂದು ಎಲ್ಲರಿಗೂ ತಿಳಿಯಿತು. ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ. ಲುವಿಜಾ ಮಲಗಿದಲ್ಲಿಂದಲೇ ಬಾಗಿಲಿನಾಚೆ ಅದನ್ನು ನೋಡಿ, “ಅದು ಇಲ್ಲಿಗೆ ಏಕೆ ಬಂತು ಅಪ್ಪಾ?” ಎಂದು ಕೇಳಿದಳು. “ಒಂದು ಬಿಜಾಗರಿ ಸಡಿಲವಾಗಿತ್ತು” ಎಂದ ಅವನು. ಅವಳು ಬಡಗಿಯ ಮಗಳು. ಮತ್ತೆ ಕೇಳಲಿಲ್ಲ.

ಎರಡನೆಯ ದಿನ ಹುಸೇನಸಾಬ ಬಂದು ಅಂಗಳದಲ್ಲಿ ನಿಂತ. ಅವನ ಇಬ್ಬರು ಹೆಣ್ಣುಮಕ್ಕಳು ಅಂದು ಬೆಳಿಗ್ಗೆ ಒಂದೇ ಗಳಿಗೆಯ ಅಂತರದಲ್ಲಿ ಹೋಗಿದ್ದರು. ಮುಸಲ್ಮಾನರಲ್ಲಿ ಪೆಟ್ಟಿಗೆಯಿಲ್ಲ, ಗುಂಡಿಯಲ್ಲಿ ಹೆಣವಿಟ್ಟು, ಮೇಲೆ ಅಡ್ಡಕ್ಕೆ ಹಲಗೆ ಜೋಡಿಸಿ ಮಣ್ಣು ಮುಚ್ಚುತ್ತಾರೆ. ಅವನು ಸಲಿಕೆ ಕೇಳಲು ಬಂದಿದ್ದ. ಅವನ ಕಣ್ಣು ಗೋಡೆಗೆ ಒರಗಿದ್ದ ಕದದ ಮೇಲೆ ಹೋಯಿತು, ಮತ್ತೆ ನೆಲಕ್ಕೆ ಬಂತು. “ಸಲಿಕೆ ಕೊಡಿ ಮೇಸ್ತ್ರಿ, ಸಾಕು” ಎಂದ. ಇನಾಸ್ ಒಳಗೆ ಮಗಳ ಉಸಿರಾಟವನ್ನು ಕೇಳುತ್ತ ಸ್ವಲ್ಪ ಹೊತ್ತು ನಿಂತ. ಆಮೇಲೆ ಗರಗಸ ತಂದು, ಕದವನ್ನು ಅಂಗಳದಲ್ಲಿ ಮಲಗಿಸಿ, ಅಡ್ಡಕ್ಕೆ ಕೊರೆಯತೊಡಗಿದ.

“ನಿಮ್ಮ ಹುಡುಗಿ ಒಳಗಿದ್ದಾಳೆ” ಎಂದ ಹುಸೇನಸಾಬ.

“ಅವಳು ಬದುಕಿದ್ದಾಳೆ” ಎಂದ ಇನಾಸ್. “ಆ ತುದಿ ಹಿಡಿ.”

ಗರಗಸದ ಸದ್ದು ಒಳಗೆ ಲುವಿಜಾಳಿಗೂ ಕೇಳಿಸುತ್ತಿತ್ತು. ಕದವಷ್ಟೂ ಎರಡು ಗುಂಡಿಗಳ ಮೇಲೆ ಹೋಯಿತು. ಹುಸೇನಸಾಬನ ಜೊತೆಗೆ ಇನಾಸನೂ ಹೋಗಿ ಹಲಗೆಗಳನ್ನು ಸಂದಿಲ್ಲದೆ ಜೋಡಿಸಿ ಬಂದ. ಬರುವಾಗ ಅವನ ಕೈಯಲ್ಲಿ ಉಳಿದಿದ್ದದ್ದು ಒಂದು ಗೇಣು ಉದ್ದದ ತುಂಡು. ಅದನ್ನು ಒಲೆಗೆ ಹಾಕಿ ಮಗಳಿಗೆ ಗಂಜಿ ಕಾಯಿಸಿದ. ಲುವಿಜಾ ಆಮೇಲೆ ನಾಲ್ಕು ದಿನ ಇದ್ದಳು. ಐದನೆಯ ದಿನ ಬೆಳಿಗ್ಗೆ, ಬಿಸಿಲು ಹೊಸ್ತಿಲಿಗೆ ಬರುವಷ್ಟರಲ್ಲಿ, ಅವಳ ಉಸಿರು ನಿಂತಿತು.

ಪಾದ್ರಿ ಅಲ್ಬೀನೊ ಗೋಡೆ ಹಿಡಿದುಕೊಂಡು ನಡೆದು ಬಂದರು. ಜ್ವರ ಬಿಟ್ಟು ಒಂದು ದಿನವಾಗಿತ್ತು. “ಬಲಿಪೀಠ ಇದೆ ಮೇಸ್ತ್ರಿ” ಎಂದರು. “ತೆಗೆದುಕೋ. ನಾನು ನೆಲದ ಮೇಲೆ ಪೂಜೆ ಮಾಡುತ್ತೇನೆ. ಯಾರು ಕೇಳಿದರೂ ನಾನು ಉತ್ತರ ಕೊಡುತ್ತೇನೆ.”

ಇನಾಸ್ ತಲೆ ಅಲ್ಲಾಡಿಸಿದ. “ಬಸ್ತ್ಯಾಂವ್‌ನನ್ನು ಕಂಬಳಿಯಲ್ಲಿ ಸುತ್ತಿ ಕಳಿಸಿದವನು ನಾನು. ಇವಳೂ ಚಾಪೆಯಲ್ಲಿ ಹೋಗಲಿ.”

“ನರಿಗಳು...”

“ನಾನು ಕೂರುತ್ತೇನೆ.”

ಹಾಗೆ ಲುವಿಜಾಳನ್ನು ಅವಳು ದಿನವೂ ಮಲಗುತ್ತಿದ್ದ ಚಾಪೆಯಲ್ಲಿ ಸುತ್ತಿ, ಬಸ್ತ್ಯಾಂವ್‌ನ ಪಕ್ಕದಲ್ಲಿ ಇಟ್ಟರು. ಜನ ಹೋದ ಮೇಲೆ ಇನಾಸ್ ಅವಳ ಕಾಲ ದಿಕ್ಕಿನಲ್ಲಿದ್ದ ಅಗಲವಾದ ಕರಿಕಲ್ಲಿನ ಮೇಲೆ ಒಂದು ಬಡಿಗೆ ಹಿಡಿದು ಕುಳಿತ. ಮೊದಲ ದಿನ ಯಾರೂ ಹತ್ತಿರ ಹೋಗಲಿಲ್ಲ. ಕರೆದರೆ ಏಳುವುದಿಲ್ಲ, ತಿನ್ನಲು ಕೊಟ್ಟರೆ ಮುಟ್ಟುವುದಿಲ್ಲ. ಅವನ ಕಣ್ಣಿನಲ್ಲಿ ನೀರಿರಲಿಲ್ಲ. ಎರಡನೆಯ ದಿನ ಬಿಸಿಲೇರಿದಾಗ ಪಾವ್ಲಿನ್ ಕೂಸನ್ನು ಎತ್ತಿಕೊಂಡು ಬಂದಳು. ಇನ್ನೊಂದು ಕೈಯಲ್ಲಿ ಅಂಬಲಿಯ ಗಡಿಗೆ. ಅವಳು ಅವನ ಪಕ್ಕದಲ್ಲಿ ಕುಳಿತು, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಡಿಗೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

“ಕುಡಿದು ಮಲಗು” ಎಂದಳು. “ನಾನಿದ್ದೇನೆ.”

ಇನಾಸ್ ಅವಳ ಮುಖ ನೋಡಿದ. “ಆ ದಿನ ಕದ ಇತ್ತು ಪಾವ್ಲಿನ್” ಎಂದ.

“ಇತ್ತು. ನಾನು ನೋಡಿದೆ.” ಅವಳು ಗಡಿಗೆಯನ್ನು ಅವನ ಮುಂದೆ ಸರಿಸಿದಳು. “ಈಗ ಮಲಗು.”

ಅವನು ಅಂಬಲಿ ಕುಡಿದು, ಅಲ್ಲಿಯೇ ಮಣ್ಣಿನ ಮೇಲೆ ಮಲಗಿ ನಿದ್ದೆ ಮಾಡಿದ. ಹೀಗೆ ಒಂಬತ್ತು ದಿನ ಇಬ್ಬರೂ ಸರದಿಯಲ್ಲಿ ಕಾದರು.  ಒಂಬತ್ತನೆಯ ದಿನಕ್ಕೆ ಮಣ್ಣು ಒಣಗಿ ಗಟ್ಟಿಯಾಯಿತು. ಮೇಲೆ ಕಲ್ಲು ಹೇರಿದರು. ಆ ವಾರದಲ್ಲಿಯೇ ಊರಿನಲ್ಲಿ ಹೊಸ ಜ್ವರ ಬರುವುದು ನಿಂತಿತು. ಜ್ವರ ಹೋಯಿತೆಂದು ಯಾರೂ ಸಂತೋಷಪಡಲಿಲ್ಲ. ಒಬ್ಬೊಬ್ಬರಾಗಿ ಎದ್ದು ಕೆಲಸಕ್ಕೆ ಹೋದರು. ನೂರಾ ಐವತ್ತು ಮನೆಗಳ ಊರಿನಲ್ಲಿ ಅರುವತ್ತು ಒಲೆಗಳು ಉರಿದವು.

ಬಿಷಪರು ಆ ವರ್ಷ ಬರಲಿಲ್ಲ, ಮರುವರ್ಷ ಬಂದರು. ಒಳಗೆ ಬಂದು ಬರಿ ನೆಲವನ್ನೂ ಬರಿ ತೊಲೆಗಳನ್ನೂ ನೋಡಿದರು. ಪಾದ್ರಿ ಅಲ್ಬೀನೊ ನಡೆದದ್ದನ್ನು ಹೇಳಿದರು. ಬಿಷಪರು, ಬೆಂಚುಗಳು ನಿಧಾನವಾಗಿ ಆಗಲಿ, ಬಾಗಿಲನ್ನಾದರೂ ಬೇಗ ಮಾಡಿಸಿ ಎಂದರಂತೆ. ಡಿಪೋದ ಹೊಸ ಸಾಹೇಬರು ಒಳ್ಳೆಯ ಸಾಗವಾನಿ ಕೊಡಲು ಒಪ್ಪಿದ್ದರು. ಇನಾಸನನ್ನು ಕರೆಸಿದರು. ಅವನು ಬಂದು ಚೌಕಟ್ಟಿನ ಬಳಿ ನಿಂತ. ಅಳತೆಕೋಲನ್ನು ಎತ್ತಿದ, ಇಳಿಸಿದ. “ಬೇಡ ಸ್ವಾಮಿ” ಎಂದ.

“ಬಾಗಿಲಿಲ್ಲದಿದ್ದರೆ ದನ ನುಗ್ಗುತ್ತವಲ್ಲ” ಎಂದರು ಬಿಷಪರು.

“ನುಗ್ಗಿದರೆ ಓಡಿಸುತ್ತೇವೆ.”

ಹಿಂದೆ ನಿಂತಿದ್ದ ಜನರಲ್ಲಿ ಒಬ್ಬರಾದರೂ ಬಾಗಿಲು ಬೇಕು ಎನ್ನಲಿಲ್ಲ. ಬೆಂಚೂ ಬೇಕು ಎನ್ನಲಿಲ್ಲ. ಬಿಷಪರು ಅವರ ಮುಖಗಳನ್ನು ನೋಡಿ, ಹಾಗೆಯೇ ಅಭಿಷೇಕ ಮಾಡಿ ಹೋದರು. ಕಾಗದದಲ್ಲಿ ಅದು ಸಂತ ಅಂತೋನಿಯವರ ಇಗರ್ಜಿ. ಆದರೆ ರೈಲಿನ ಕಡೆಗೆ ಹೋಗಿ ಬರುವ ಬಂಡಿಯವರು ಬಿಸಿಲಿಗೆ ಅಲ್ಲಿ ಒಳಹೊಕ್ಕು ಮಲಗುವುದು ರೂಢಿಯಾಯಿತು, ತಡೆಯುವವರಿರಲಿಲ್ಲ. ‘ಕದವಿಲ್ಲದ ಇಗರ್ಜಿಯಲ್ಲಿ ನಿಂತು ಬಂದೆವು’ ಎಂದು ಅವರು ಹೇಳುತ್ತಿದ್ದ ಮಾತು ಅಳ್ನಾವರದವರೆಗೂ ಹೋಗಿ, ಅಲ್ಲಿಂದ ಊರಿನ ಹೆಸರಾಗಿ ಮರಳಿ ಬಂತು. ನೇರಲಗಾಳಿ ಎಂಬ ಹೆಸರು ಹೀಗೆ ಜನರ ಬಾಯಿಂದ ಜಾರಿಹೋಯಿತು.

ಇನಾಸ್ ಇನ್ನೂ ಇಪ್ಪತ್ತನಾಲ್ಕು ವರ್ಷ ಬದುಕಿದ. ಊರಿನ ಮನೆಗಳಿಗೆ ಬಾಗಿಲು ಮಾಡಿಕೊಟ್ಟ, ನೊಗ ಮಾಡಿದ, ತೊಟ್ಟಿಲು ಮಾಡಿದ. ಹೂವು ಬಳ್ಳಿ ಕೆತ್ತುವುದನ್ನು ಬಿಟ್ಟ. ಬಸ್ತ್ಯಾಂವ್‌ನ ಮಗ ದೊಡ್ಡವನಾದ ಮೇಲೆ ಅವನಿಗೆ ಬಡಗಿಯ ಕೆಲಸ ಕಲಿಸಿದ. ಪಾವ್ಲಿನ್ ದಿನವೂ ಅವನಿಗೆ ಒಂದು ಹೊತ್ತಿನ ಊಟ ಕಳಿಸುತ್ತಿದ್ದಳು. ಸಾಯುವ ಮುಂಚೆ ತನಗೆ ಪೆಟ್ಟಿಗೆ ಬೇಡವೆಂದು ಹೇಳಿದ್ದ. ಪಾವ್ಲಿನ್ ಚಾಪೆಯನ್ನು ತಾನೇ ತಂದು ಹಾಸಿದಳು, ಅವನನ್ನು ಲುವಿಜಾಳ ಪಕ್ಕದಲ್ಲಿ ಇಟ್ಟರು. ಆ ಕಾಲಕ್ಕೆ ಸುತ್ತಲ ಕಾಡು ಹಿಂದೆ ಸರಿದಿತ್ತು, ಕಾಯುವ ಅಗತ್ಯವಿರಲಿಲ್ಲ. ಆದರೂ ಅವಳು ಒಂಬತ್ತು ದಿನ ಹೋಗಿ ಕುಳಿತು ಬಂದಳು ಎಂದು ದೊಮಿನಾ ಹೇಳುತ್ತಾಳೆ.

ಈಗ ರಜೆಯ ದಿನಗಳಲ್ಲಿ ಕಾರುಗಳು ಬರುತ್ತವೆ. ಕಮಾನುಗಳ ಕೆಳಗೆ ನಿಂತು ಜನ ಚಿತ್ರ ತೆಗೆಸಿಕೊಳ್ಳುತ್ತಾರೆ, ಚಿಪ್ಪಿನ ಕಿಟಕಿಗಳನ್ನು ಮುಟ್ಟಿ ನೋಡುತ್ತಾರೆ. ಮೂಡಣ ದಿಕ್ಕಿಗೆ ಹೋಗುವವರು ಕಡಿಮೆ. ಹೋದವರಿಗೆ ದೊಮಿನಾ ಪೊರಕೆಯನ್ನು ಗೋಡೆಗೆ ಒರಗಿಸಿ ತಾನೇ ಮುಂದೆ ನಡೆದು ತೋರಿಸುತ್ತಾಳೆ. ಬೇಲಿಯ ಪಕ್ಕದಲ್ಲಿ ಮೂರು ಕಲ್ಲಿನ ಶಿಲುಬೆಗಳು. ಒಂದರ ಮುಂದಿನ ದಿಬ್ಬ ಉಳಿದವುಗಳಿಗಿಂತ ಉದ್ದ. ನಡುವಿನದರ ಮೇಲೆ ಹೆಸರು ಅಳಿಸಿದೆ. ಹುಡುಗಿಯದೆಂದು ಹೇಳಿದರೆ ತಿಳಿಯುತ್ತದೆ. ಅದರ ಕಾಲ ದಿಕ್ಕಿನಲ್ಲಿ ಒಂದು ಅಗಲವಾದ ಕರಿಕಲ್ಲು ಬಿದ್ದಿದೆ. ಮೇಲ್ಮೈ ನುಣುಪಾಗಿದೆ. ಇಬ್ಬರು ಪಕ್ಕಪಕ್ಕದಲ್ಲಿ ಕೂರಬಹುದು.